ಐದಕ್ಕೆ ಐದು ಬಂತು, ಮಾತು ಬರಲಿಲ್ಲ

ಕಳೆದ ಆಗಸ್ಟಿನಲ್ಲಿ ನಮ್ಮೂರಿನ ಕನ್ನಡ ತಾಯ್ತಂದೆಯರ ವಾಟ್ಸಾಪ್ ಗುಂಪಿಗೆ ಒಂದು ಪತ್ರದ ಕರಡು ಬಂತು. ನಮ್ಮೂರು ಅಂದರೆ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಉತ್ತರಕ್ಕಿರುವ ಒಂದು ಉಪನಗರ. ಪತ್ರ ಹೈಸ್ಕೂಲಿನ ಪ್ರಿನ್ಸಿಪಾಲರಿಗೆ. ಎ.ಪಿ. ಸ್ಪ್ಯಾನಿಷ್ ಕ್ಲಾಸಿನ ಟೀಚರು ವರ್ಷದ ಮೊದಲಿಗೆ ಮನೆಗೆ ಕಳಿಸುವ ‘ನಿರೀಕ್ಷೆಗಳು ಮತ್ತು ಕಲಿಕೆಯ ಗುರಿಗಳು’ ಎಂಬ ಎರಡು ಹಾಳೆ ಮಕ್ಕಳಿಗೆ ವಿಪರೀತ ಹೊರೆಯಾಗಿದೆ, ಅದನ್ನು ಸಡಿಲಿಸಬೇಕು ಎಂಬುದು ಅದರ ಸಾರಾಂಶ. ಸಂಜೆಯೊಳಗೆ ಹತ್ತೊಂಬತ್ತು ಸಹಿ ಬಿದ್ದವು. ನಾನು ಹಾಕಲಿಲ್ಲ.

‘ಯಾಕ್ರೀ ಮೇಡಂ, ನಿಮ್ಮ ಮಗನೂ ಅದೇ ಕ್ಲಾಸಲ್ಲಿದ್ದಾನಲ್ಲ?’ ಎಂದು ಒಬ್ಬರು ಕೇಳಿದರು. ‘ಮಗಳಿಗೆ ಐದಕ್ಕೆ ಐದು ಬಂದುಬಿಟ್ಟಿದೆ, ಇನ್ನೇನು ಬೇಕು ಅವರಿಗೆ’ ಎಂದು ಇನ್ನೊಬ್ಬರು ಬರೆದು, ಪಕ್ಕದಲ್ಲಿ ಒಂದು ನಗುಮುಖ ಅಂಟಿಸಿದರು. ಗುಂಪಿನಲ್ಲಿ ಉತ್ತರ ಬರೆಯಲು ಹೋದೆ. ಉದ್ದವಾಯಿತು. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ಹಾಳೆಯ ಬಗ್ಗೆ ನನಗೂ ತಕರಾರಿದೆ. ಆದರೆ ಅದು ಪತ್ರದಲ್ಲಿರುವ ತಕರಾರಲ್ಲ.

ಭಾರತದಲ್ಲಿರುವ ಓದುಗರಿಗಾಗಿ ನಾಲ್ಕು ಮಾತು. ಎ.ಪಿ. ಎಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ. ಇದನ್ನು ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಒಂದರಿಂದ ಐದರವರೆಗೆ ಅಂಕ. ಮೂರೋ ನಾಲ್ಕೋ ಬಂದರೆ ಎಷ್ಟೋ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುತ್ತವೆ, ಅಷ್ಟು ಫೀಸು ಉಳಿಯುತ್ತದೆ. ನಮ್ಮ ಶಾಲೆಯಲ್ಲಿ ಎ.ಪಿ. ವಿಷಯಗಳಿಗೆ ತೂಕ ಹೆಚ್ಚು, ಹಾಗಾಗಿ ಅದು ತರಗತಿಯ ರ‍್ಯಾಂಕನ್ನು ಎತ್ತುತ್ತದೆ. ಟೆಕ್ಸಸ್‌ನಲ್ಲಿ ರ‍್ಯಾಂಕ್ ಅಂದರೆ ಹುಡುಗಾಟವಲ್ಲ. ಪ್ರತಿ ಹೈಸ್ಕೂಲಿನ ಮೊದಲ ಶೇಕಡಾ 10ರೊಳಗಿನ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಕೊಡುವ ಕಾನೂನು 1997ರಿಂದ ಇದೆ. ಎಲ್ಲರೂ ಬಯಸುವ ಆಸ್ಟಿನ್ ಕ್ಯಾಂಪಸ್ಸಿಗೆ ಆ ಗೆರೆ ಇನ್ನೂ ಮೇಲಿದೆ. ನಮ್ಮವರು ಸ್ಪ್ಯಾನಿಷ್ ಕ್ಲಾಸಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಸ್ಪ್ಯಾನಿಷ್‌ಗಾಗಿ ಅಲ್ಲ, ಈ ಗೆರೆಗಾಗಿ.

ಇನ್ನು ಹಾಳೆಯಲ್ಲಿ ಏನಿದೆ ನೋಡಿ. ಕ್ಲಾಸಿನ ಬಾಗಿಲು ದಾಟಿದ ಮೇಲೆ ಇಂಗ್ಲಿಷ್ ಮಾತಾಡುವಂತಿಲ್ಲ, ಪೆನ್ಸಿಲ್ ಕೇಳುವುದಿದ್ದರೂ ಸ್ಪ್ಯಾನಿಷ್‌ನಲ್ಲೇ ಕೇಳಬೇಕು. ಇದು ಈ ಟೀಚರ ಹಟವೇನಲ್ಲ. ಕ್ಲಾಸಿನ ಶೇಕಡಾ 90ಕ್ಕಿಂತ ಹೆಚ್ಚು ಮಾತು ಕಲಿಯುವ ಭಾಷೆಯಲ್ಲೇ ಇರಬೇಕು ಎಂದು ಅಮೆರಿಕದ ಭಾಷಾಶಿಕ್ಷಕರ ರಾಷ್ಟ್ರೀಯ ಸಂಸ್ಥೆಯೇ ಶಿಫಾರಸು ಮಾಡಿದೆ. ವಾರಕ್ಕೆರಡು ಸಲ ಸ್ಪ್ಯಾನಿಷ್ ಸುದ್ದಿ ಕೇಳಿ ಟಿಪ್ಪಣಿ ಬರೆಯಬೇಕು. ಅನುವಾದ ಮಾಡುವ ಯಂತ್ರ ಮುಟ್ಟಿದರೆ ಸೊನ್ನೆ. ಓದುವ ವಸ್ತು ಆರು: ಕುಟುಂಬ ಮತ್ತು ಸಮುದಾಯ, ವೈಯಕ್ತಿಕ ಹಾಗೂ ಸಾರ್ವಜನಿಕ ಅಸ್ಮಿತೆ, ಸೌಂದರ್ಯ ಮತ್ತು ಕಲೆ, ವಿಜ್ಞಾನ ಮತ್ತು ತಂತ್ರಜ್ಞಾನ, ಸಮಕಾಲೀನ ಬದುಕು, ಜಗತ್ತಿನ ಸವಾಲುಗಳು. ವ್ಯಾಕರಣಕ್ಕೆಂದು ಬೇರೆ ಪಾಠವಿಲ್ಲ. ವಿಷಯದ ಮೇಲೆ ಮಾತಾಡುತ್ತಾ ವ್ಯಾಕರಣ ಕಲಿಯಬೇಕು.

ಮಗಳು ಪರೀಕ್ಷೆ ಬರೆದ ವರ್ಷ ಅದು ಹೀಗಿತ್ತು. ಮೊದಲು ಓದಿ, ಕೇಳಿ ಉತ್ತರಿಸುವ 65 ಪ್ರಶ್ನೆಗಳು. ಅದರಲ್ಲಿ ಬೇರೆ ಬೇರೆ ದೇಶದವರ ದನಿಗಳನ್ನು ಕೇಳಿಸುತ್ತಾರೆ. ಆಮೇಲೆ 15 ನಿಮಿಷದಲ್ಲಿ ಒಂದು ಇಮೇಲಿಗೆ ಬಹುವಚನದ ಮರ್ಯಾದೆಯಲ್ಲಿ ಉತ್ತರ ಬರೆಯಬೇಕು. ಒಂದು ಲೇಖನ, ಒಂದು ಅಂಕಿ ಅಂಶದ ಕೋಷ್ಟಕ, ಒಂದು ಧ್ವನಿಮುದ್ರಣ, ಈ ಮೂರನ್ನೂ ಆಧಾರವಾಗಿಟ್ಟುಕೊಂಡು 55 ನಿಮಿಷದಲ್ಲಿ ವಾದ ಮಂಡಿಸುವ ಪ್ರಬಂಧ ಬರೆಯಬೇಕು. ಯಂತ್ರದಲ್ಲಿ ಒಬ್ಬರು ಮಾತಾಡುತ್ತಾರೆ, ಪ್ರತಿ ಸಲವೂ 20 ಸೆಕೆಂಡಿನಲ್ಲಿ ಉತ್ತರಿಸುತ್ತಾ ಸಂಭಾಷಣೆ ನಡೆಸಬೇಕು. ಕೊನೆಗೆ ಸ್ಪ್ಯಾನಿಷ್ ಆಡುವ ಒಂದು ನಾಡಿನ ರೀತಿಯನ್ನು ತನ್ನ ಊರಿನ ರೀತಿಯ ಜೊತೆ ಹೋಲಿಸಿ ಎರಡು ನಿಮಿಷ ಮಾತಾಡಬೇಕು.

ನಾನು ಎಸ್ಸೆಸ್ಸೆಲ್ಸಿ ಕನ್ನಡವನ್ನು 125 ಅಂಕಕ್ಕೆ ಬರೆದವಳು. ಪದ್ಯ ಪೂರ್ಣಗೊಳಿಸಿದ್ದೇನೆ, ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿದ್ದೇನೆ, ಕವಿಯ ಕಾಲ, ಸ್ಥಳ, ಕೃತಿಗಳನ್ನು ಗೈಡಿನಿಂದ ಗಟ್ಟಿ ಹೊಡೆದು ಹಾಳೆಯ ಮೇಲೆ ಇಳಿಸಿದ್ದೇನೆ. ಹತ್ತು ವರ್ಷ ಕನ್ನಡ ಓದಿದೆ. ಕನ್ನಡದಲ್ಲಿ ನಿನ್ನ ಅಭಿಪ್ರಾಯವೇನು ಎಂದು ಪರೀಕ್ಷೆಯಲ್ಲಿ ಯಾರೂ ಬಾಯಿ ಬಿಡಿಸಿ ಕೇಳಲಿಲ್ಲ. ಇಂಗ್ಲಿಷಿನ ಕತೆ ಇನ್ನೂ ಕಡೆ. ಆರು ವರ್ಷ ಓದಿ, ಬೆಂಗಳೂರಿಗೆ ಬಂದು ಬಸ್ಸಿನ ಕಂಡಕ್ಟರನ ‘ಎಕ್ಸ್‌ಕ್ಯೂಸ್ ಮಿ’ಗೆ ಏನು ಹೇಳಬೇಕೆಂದು ಗೊತ್ತಾಗದೆ ಕಣ್ಣು ಪಿಳಿಪಿಳಿ ಬಿಟ್ಟವಳು ನಾನು. ಹದಿನಾರು ವರ್ಷದ ಮಗುವಿಗೆ ‘ನಿನಗೊಂದು ಅಭಿಪ್ರಾಯವಿದೆ, ಅದನ್ನು ಹೊಸ ಭಾಷೆಯಲ್ಲಿ ಹೇಳು, ತಪ್ಪಾದರೂ ಹೇಳು’ ಎನ್ನುವ ಹಾಳೆ ನನ್ನ ಕೈಗೆ ಸಿಕ್ಕಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ಸಡಿಲಿಸಿ ಎಂದು ಸಹಿ ಹಾಕುವುದು ಹೇಗೆ?

ಗುಂಪಿನವರ ವಾದಗಳು ನನಗೆ ಗೊತ್ತು. ‘ನಮ್ಮ ಮಕ್ಕಳಿಗೆ ಗಣಿತ ವಿಜ್ಞಾನವೇ ಸಾಕಷ್ಟಿದೆ, ಭಾಷೆಗೆ ಇಷ್ಟು ಸಮಯ ಏಕೆ?’ ಇದೇ ಮಾತನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಬಗ್ಗೆ ಆಡಿದಾಗ ನಾವು ಇಲ್ಲಿ ಕೂತು ಫೇಸ್‌ಬುಕ್ಕಿನಲ್ಲಿ ಉರಿದು ಬೀಳುತ್ತೇವೆ. ‘ಕ್ಲಾಸಿನಲ್ಲಿ ಇಂಗ್ಲಿಷ್ ಬಿಡಲಿ, ಮಕ್ಕಳಿಗೆ ಮುಜುಗರವಾಗುತ್ತದೆ.’ ಆಗಲಿ. ಮುಜುಗರವಾಗದೆ ಯಾರೂ ಭಾಷೆ ಕಲಿತಿಲ್ಲ. ಈ ದೇಶಕ್ಕೆ ಬಂದ ಮೊದಲ ವರ್ಷ ನಾವೆಲ್ಲ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಪಟ್ಟ ಮುಜುಗರದಿಂದಲೇ ಅಲ್ಲವೇ ಇವತ್ತು ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ಕರಡು ಬರೆಯುವಷ್ಟಾಗಿರುವುದು? ‘ಸ್ಪ್ಯಾನಿಷ್‌ನಿಂದ ಏನುಪಯೋಗ, ಬರೀ ಅಂಕ ಬಂದರೆ ಸಾಕು.’ ಈ ಮೂರನೆಯ ಮಾತಿನ ಹತ್ತಿರ ನಾನು ನಿಲ್ಲಬೇಕು. ನನ್ನ ಮನೆಯಲ್ಲಿ ಅಂಕ ಬಂದದ್ದನ್ನು ನಾನು ನೋಡಿದ್ದೇನೆ.

ಮಗಳು ಐದು ಅಂಕ ತಂದ ಮರುವರ್ಷದ ವಸಂತದಲ್ಲಿ ನಮ್ಮ ಕಡೆ ಆಲಿಕಲ್ಲು ಮಳೆ ಬಿತ್ತು. ಟೆಕ್ಸಸ್‌ನಲ್ಲಿ ಇದು ಹೊಸದಲ್ಲ. ನಿಂಬೆಹಣ್ಣಿನ ಗಾತ್ರದ ಕಲ್ಲು ಬಿದ್ದು ಬೀದಿಬೀದಿಯ ಛಾವಣಿಗಳೆಲ್ಲ ಹಾಳಾಗುತ್ತವೆ, ಆಮೇಲೆ ವಾರಗಟ್ಟಲೆ ಛಾವಣಿ ಹಾಕುವವರ ಸುತ್ತಿಗೆ ಸದ್ದು. ನಮ್ಮ ಮನೆಗೂ ಆರು ಜನ ಬಂದರು. ಎಲ್ಲರೂ ಸ್ಪ್ಯಾನಿಷ್ ಮಾತಾಡುವವರು, ಇಬ್ಬರಿಗೆ ಮಾತ್ರ ಕೆಲಸದ ಮಟ್ಟಿಗೆ ಇಂಗ್ಲಿಷ್. ಮಧ್ಯಾಹ್ನದ ಬಿಸಿಲು. ನಾನು ಚಿತ್ರಾನ್ನ ಕಲಸಿದ್ದೆ. ಮಗಳನ್ನು ಕರೆದು, ‘ಹೋಗಿ ಕೇಳು, ಊಟ ಮಾಡ್ತಾರಾ ಅಂತ. ಹಾಗೇ ಚಿಮಣಿ ಹತ್ತಿರ ನೀರು ಸೋರ್ತಿತ್ತು, ಅಲ್ಲೇನಾದರೂ ಒಡೆದಿದೆಯಾ ಕೇಳು’ ಅಂದೆ. ಹೆಮ್ಮೆಯಿಂದಲೇ ಅಂದೆ. ಐದಕ್ಕೆ ಐದು ತಂದವಳು.

ಅವಳು ಹೋಗಿ ಇಮೇಲಿನ ಮೊದಲ ಸಾಲಿನಂತಹ ಒಂದು ವಾಕ್ಯ ಹೇಳಿದಳು. ‘ಗೌರವಾನ್ವಿತ ಮಹನೀಯರೇ’ ಎಂದಂತೆ. ಏಣಿಯ ಮೇಲಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ ನಕ್ಕರು. ಏನೋ ಹೇಳಿದರು. ಕೆಳಗಿದ್ದ ಹುಡುಗನೂ ಏನೋ ಸೇರಿಸಿದ. ಮಗಳು ತಲೆಯಾಡಿಸಿ, ಮುಖ ಕೆಂಪಗೆ ಮಾಡಿಕೊಂಡು ಒಳಗೆ ಬಂದಳು.

‘ಅಮ್ಮ, ಅವರಾಡೋದು ನಾವು ಕಲ್ತ ಸ್ಪ್ಯಾನಿಷ್ ಅಲ್ಲ. ಅರ್ಧ ಅಕ್ಷರ ನುಂಗ್ತಾರೆ. ಅದು ತಪ್ಪು ಸ್ಪ್ಯಾನಿಷ್.’

ಅಕ್ಷರ ನುಂಗುವುದು ನಿಜ. ಮಧ್ಯ ಅಮೆರಿಕದ ಹಲವು ಕಡೆ, ಕ್ಯೂಬಾ ಪೋರ್ಟೊರಿಕೊಗಳಲ್ಲಿ, ಸ್ಪೇನಿನದೇ ದಕ್ಷಿಣ ಭಾಗದಲ್ಲಿ ಪದದ ಕೊನೆಯ ‘ಸ’ ಸವೆದು ಬರೀ ಉಸಿರಾಗುತ್ತದೆ. ಕೋಟ್ಯಂತರ ಜನ ಹಾಗೆ ಮಾತಾಡುತ್ತಾರೆ. ಪರೀಕ್ಷೆಯಲ್ಲಿ ಬೇರೆ ಬೇರೆ ದೇಶದ ದನಿ ಕೇಳಿಸುತ್ತಾರಲ್ಲ, ಅದು ಸುದ್ದಿ ಓದುವವರ, ಸಂದರ್ಶನ ಕೊಡುವವರ ದನಿ. ಏಣಿಯ ಮೇಲಿನ ದನಿಯಲ್ಲ. ಆದರೆ ನನ್ನನ್ನು ಅಲ್ಲಾಡಿಸಿದ್ದು ‘ನುಂಗ್ತಾರೆ’ ಎಂಬ ಮಾತು. ಆ ಮಾತನ್ನು ನಾನು ಮೊದಲೂ ಕೇಳಿದ್ದೆ, ಬೇರೆ ಭಾಷೆಯ ಬಗ್ಗೆ, ನನ್ನ ಬಗ್ಗೆ.

ನಾನು ಮದ್ದೂರಿನ ಕಡೆಯ ಹಳ್ಳಿಯವಳು. ಪಿಯುಸಿಗೆ ಬೆಂಗಳೂರಿಗೆ ಬಂದು ಹಾಸ್ಟೆಲ್ ಸೇರಿದ ಮೊದಲ ವಾರ ‘ಆಲು ಬಂತಾ?’ ಎಂದು ಕೇಳಿದೆ. ಊಟದ ಮನೆಯಲ್ಲಿದ್ದವರೆಲ್ಲ ನಕ್ಕರು. ‘ಆಲೂಗಡ್ಡೆನಾ?’ ಎಂದು ಒಬ್ಬಳು. ಮಂಡ್ಯದವರು ಹಕಾರ ನುಂಗುತ್ತಾರೆ ಎಂದು ನಮ್ಮ ಕನ್ನಡ ಲೆಕ್ಚರರೇ ಕ್ಲಾಸಿನಲ್ಲಿ ನನ್ನನ್ನು ನಿಲ್ಲಿಸಿ ‘ಹಾಲು, ಹಳ್ಳಿ, ಹೂವು’ ಹೇಳಿಸಿದರು. ಹಟ ಹಿಡಿದು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ ಕೆಲವು ದಿನ ‘ಹಡುಗೆ ಹಾಯ್ತು’ ಎಂದೂ ಅಂದೆ. ಊರಿಗೆ ಹೋದಾಗ ಅವ್ವನ ಮುಂದೆ ನನ್ನ ಹೊಸ ಹಕಾರ ಹೊರಬಂದಾಗ ಅವಳು ಸುಮ್ಮನೆ ನೋಡಿದಳು.

ಈಗ ಹಾಳೆಯ ಎರಡನೆಯ ಪುಟಕ್ಕೆ ಬರೋಣ. ನನ್ನ ತಕರಾರು ಇರುವುದು ಅಲ್ಲಿ. ಕೆಳಗಿನಿಂದ ಮೂರನೆಯ ಸಾಲು: ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ವಿದ್ಯಾರ್ಥಿಗಳು ತಮ್ಮ ತಪ್ಪು ಅಭ್ಯಾಸಗಳನ್ನು ಬಿಡಲು ಸಿದ್ಧರಿರಬೇಕು. ವಾಟ್ಸಾಪಿನ ಕರಡು ಪತ್ರದಲ್ಲಿ ಈ ಸಾಲಿನ ಸುದ್ದಿಯೇ ಇಲ್ಲ. ಇರುವುದಾದರೂ ಹೇಗೆ? ಅದು ನಮ್ಮ ಮಕ್ಕಳ ಬಗ್ಗೆ ಬರೆದದ್ದಲ್ಲವಲ್ಲ.

ಅದು ಯಾರ ಬಗ್ಗೆ ಬರೆದದ್ದು ಎಂದು ನನಗೆ ಗೊತ್ತು. ಮಗಳ ಕ್ಲಾಸಿನಲ್ಲಿ ಎಲ್ ಸಾಲ್ವಡಾರ್ ಮೂಲದ ಒಬ್ಬ ಹುಡುಗನಿದ್ದ. ಹುಟ್ಟಿದಾಗಿನಿಂದ ಸ್ಪ್ಯಾನಿಷ್. ಅಪ್ಪನಿಗೆ ಬಂದ ಸರ್ಕಾರಿ ಕಾಗದಗಳನ್ನೂ ಅಮ್ಮನಿಗೆ ಡಾಕ್ಟರು ಹೇಳಿದ್ದನ್ನೂ ಹತ್ತನೇ ವಯಸ್ಸಿನಿಂದ ಎರಡೂ ಭಾಷೆಗಳ ನಡುವೆ ಹೊತ್ತು ತಂದವನು. ಹಾಳೆಯಲ್ಲಿ ಬರೆದ ಎಲ್ಲ ಗುರಿಗಳನ್ನೂ ಅವನು ಹಾಳೆ ಅಚ್ಚಾಗುವ ಮೊದಲೇ ಮುಟ್ಟಿದ್ದ. ಆದರೆ ಅವನ ಪ್ರಬಂಧದ ತುಂಬ ಕೆಂಪು ಗೆರೆ. ಸ್ವರದ ಮೇಲಿನ ಗುರುತು ಬಿಟ್ಟದ್ದಕ್ಕೆ ಕೆಂಪು, ಸರಿ. ಅಮ್ಮನ ಜೊತೆಗಿನ ಮಾತು ಬರೆಯುವಾಗ ‘ನೀನು’ ಎಂಬುದಕ್ಕೆ ಅವರ ಮನೆಯ ‘ವೋಸ್’ ಬಳಸಿದ್ದಕ್ಕೂ ಕೆಂಪು. ಅರ್ಜೆಂಟೀನಾದಿಂದ ಎಲ್ ಸಾಲ್ವಡಾರ್‌ವರೆಗೆ ಆಡುವ ಈ ‘ವೋಸ್’ ಬಗ್ಗೆ ಕ್ಲಾಸಿನಲ್ಲಿ ಪಾಠವೇ ಆಗಿರಲಿಲ್ಲ. ಮುಖ್ಯವಾಗಿ ಸ್ಪೇನಿನಲ್ಲಿ ಬಳಸುವ ‘ವೊಸೊತ್ರೊಸ್’ನ ಪಟ್ಟಿಯನ್ನು ಮಾತ್ರ ನನ್ನ ಮಗಳು ಅಡುಗೆಮನೆಯಲ್ಲಿ ನಿಂತು ಉರು ಹೊಡೆಯುತ್ತಿದ್ದಳು. ಗಾಡಿ ನಿಲ್ಲಿಸುವುದಕ್ಕೆ ‘ಪಾರ್ಕೆಯಾರ್’ ಎಂದು ಬರೆದದ್ದಕ್ಕೂ ಕೆಂಪು. ಇದು ಇಂಗ್ಲಿಷಿನ ಕಲಬೆರಕೆಯಂತೆ. ಮಧ್ಯ ಅಮೆರಿಕದ ಬಳಕೆಯೆಂದು ಸ್ಪೇನಿನ ರಾಜ ಅಕಾಡೆಮಿಯ ನಿಘಂಟೇ ಒಪ್ಪಿಕೊಂಡಿರುವ ಪದ ಅದು. ಡಿಸೆಂಬರಿನಲ್ಲಿ ಹುಡುಗ ಕ್ಲಾಸು ಬಿಟ್ಟ. ‘ನನಗೆ ಸ್ಪ್ಯಾನಿಷ್ ಸರಿಯಾಗಿ ಬರಲ್ಲ’ ಎಂದು ಮಗಳ ಹತ್ತಿರ ಹೇಳಿದನಂತೆ.

ಈ ವಾಕ್ಯವನ್ನು ಇನ್ನೊಂದು ಸಲ ಓದಿ. ಸ್ಪ್ಯಾನಿಷ್‌ನಲ್ಲೇ ಕನಸು ಕಾಣುವ ಹುಡುಗ ತನಗೆ ಸ್ಪ್ಯಾನಿಷ್ ಬರಲ್ಲ ಎನ್ನುತ್ತಾನೆ. ಮೇಸ್ತ್ರಿಗೆ ಊಟ ಮಾಡಿ ಎನ್ನಲು ಬಾರದ ನನ್ನ ಮಗಳಿಗೆ ಐದಕ್ಕೆ ಐದು. ಇಬ್ಬರಿಗೂ ಪಾಠ ಕಲಿಸಿದ್ದು ಒಂದೇ ಹಾಳೆ.

ಈ ನೆಲದಲ್ಲಿ ಆ ಸಾಲಿಗೊಂದು ಹಳೆಯ ಬೇರಿದೆ. 1836ರವರೆಗೆ ಟೆಕ್ಸಸ್ ಮೆಕ್ಸಿಕೋದ ಭಾಗ, ಇಲ್ಲಿ ಇಂಗ್ಲಿಷಿಗಿಂತ ಮೊದಲು ಬಂದದ್ದು ಸ್ಪ್ಯಾನಿಷ್. ಈಗಲೂ ರಾಜ್ಯದ ಹತ್ತು ಜನರಲ್ಲಿ ನಾಲ್ವರು ಹಿಸ್ಪಾನಿಕ್ ಮೂಲದವರು. ಆದರೂ ದಶಕಗಳ ಕಾಲ ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಹೊಡೆತ ಬೀಳುತ್ತಿತ್ತು. ಪಶ್ಚಿಮ ಟೆಕ್ಸಸ್‌ನ ಮಾರ್ಫಾ ಎಂಬ ಊರಿನಲ್ಲಿ ಮೆಕ್ಸಿಕನ್ ಮಕ್ಕಳಿಗೆಂದೇ ಪ್ರತ್ಯೇಕವಾಗಿ ನಡೆಸುತ್ತಿದ್ದ ಬ್ಲ್ಯಾಕ್‌ವೆಲ್ ಶಾಲೆಯಿತ್ತು. 1954ರಲ್ಲಿ ಅಲ್ಲಿನ ಮಕ್ಕಳ ಕೈಯಲ್ಲಿ ‘ನಾನು ಸ್ಪ್ಯಾನಿಷ್ ಮಾತಾಡುವುದಿಲ್ಲ’ ಎಂದು ಚೀಟಿಗಳಲ್ಲಿ ಬರೆಸಿ, ಆ ಚೀಟಿಗಳನ್ನು ಪೆಟ್ಟಿಗೆಗೆ ತುಂಬಿ, ಶಾಲೆಯ ಆವರಣದಲ್ಲಿ ಗುಂಡಿ ತೋಡಿ ಹೂಳಿಸಿದರು. ‘ಮಿಸ್ಟರ್ ಸ್ಪ್ಯಾನಿಷ್’ನ ಅಂತ್ಯಸಂಸ್ಕಾರ ಎಂದು ಅದಕ್ಕೆ ಹೆಸರು. ಮಕ್ಕಳು ತಮ್ಮ ಅವ್ವನ ಮಾತಿಗೆ ತಾವೇ ಮಣ್ಣು ಹಾಕಿದರು. ದಶಕಗಳ ನಂತರ ಅದೇ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸ್ಪ್ಯಾನಿಷ್ ನಿಘಂಟನ್ನು ಸಾಂಕೇತಿಕವಾಗಿ ಮಣ್ಣಿನಿಂದ ಮೇಲೆತ್ತಿದರು. 2022ರಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸುವ ಕಾನೂನು ಬಂತು.

ಹೂಳಿದ ಶಾಲೆಯನ್ನು ಸ್ಮಾರಕ ಮಾಡಿದ್ದೇವೆ, ಒಳ್ಳೆಯದು. ಅದೇ ಸ್ಪ್ಯಾನಿಷ್ ಇಂದು ಕಾಲೇಜು ಕ್ರೆಡಿಟ್ ತರುವ ಲಾಭದ ಸರಕಾಗಿದೆ. ಆದರೆ ಆ ಲಾಭ ಯಾರ ಜೇಬಿಗೆ? ಅಂದು ‘ನಿನ್ನ ಮಾತು ಆಡಬೇಡ’ ಎಂದರು. ಇಂದು ‘ನಿನ್ನ ಮಾತು ಆಡು, ಆದರೆ ನಿನ್ನ ಅವ್ವ ಆಡಿದಂತೆ ಆಡಬೇಡ’ ಎನ್ನುತ್ತಾರೆ. ಅಂದಿನ ಶಿಕ್ಷೆ ಕಣ್ಣಿಗೆ ಕಾಣುತ್ತಿತ್ತು. ಇಂದಿನದು ಕಲಿಕೆಯ ಗುರಿ ಎಂಬ ಹೆಸರಿನಲ್ಲಿ, ಪೋಷಕರ ಸಹಿ ಪಡೆದೇ ಬರುತ್ತದೆ.

ಪೋಷಕರ ಸಭೆಯಲ್ಲಿ ಟೀಚರನ್ನು ಕೇಳಿದೆ. ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷದಿಂದ ಕಲಿಸುತ್ತಿರುವವರು, ರಾತ್ರಿ ಹನ್ನೊಂದಕ್ಕೂ ಮಕ್ಕಳ ಪ್ರಬಂಧ ತಿದ್ದುವವರು. ಅವರ ಉತ್ತರದಲ್ಲಿ ತೂಕವಿತ್ತು. ‘ಅಮ್ಮನ ಹತ್ತಿರ ಅವನು ಹೇಗೆ ಬೇಕಾದರೂ ಮಾತಾಡಲಿ. ನಾಳೆ ಒಂದು ಕಂಪನಿಗೆ, ಒಂದು ಕೋರ್ಟಿಗೆ ಕಾಗದ ಬರೆಯಬೇಕಾದರೆ? ಆ ಸ್ಪ್ಯಾನಿಷ್ ಅವನಿಗೆ ಮನೆಯಲ್ಲಿ ಸಿಗುವುದಿಲ್ಲ. ನಾನು ಕೊಡದಿದ್ದರೆ ಯಾರು ಕೊಡುತ್ತಾರೆ?’

ಸರಿಯಾದ ಮಾತು. ಹಾಸ್ಟೆಲಿನಲ್ಲಿ ನಾನು ಹಕಾರ ಕಲಿಯದೇ ಇದ್ದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಶಿಷ್ಟ ಭಾಷೆ ಒಂದು ಸವಲತ್ತು. ಅದನ್ನು ಬಡವರ ಮಕ್ಕಳಿಗೆ ಕೊಡಬೇಡಿ, ಅವರು ಆಡುಮಾತಿನಲ್ಲೇ ಇರಲಿ ಎನ್ನುವುದು ಹೊಟ್ಟೆ ತುಂಬಿದವರ ಪ್ರೀತಿ. ನನ್ನ ಜಗಳ ಟೀಚರು ಕೊಡುವುದರ ಬಗ್ಗೆ ಅಲ್ಲ, ಕಿತ್ತುಕೊಳ್ಳುವುದರ ಬಗ್ಗೆ. ಇನ್ನೊಂದು ಅಂಗಿ ಹೊಲಿಸಿಕೊಡಿ. ಮೈಮೇಲಿರುವುದನ್ನು ಹರಿದು ಹಾಕಿ, ಅದು ಅಂಗಿಯೇ ಅಲ್ಲ ಎನ್ನಬೇಡಿ. ‘ಇದನ್ನೂ ಕಲಿ’ ಎನ್ನುವ ಬದಲು ‘ತಪ್ಪು ಅಭ್ಯಾಸ ಬಿಡು’ ಎಂದರೆ ಹುಡುಗನ ಅವ್ವನನ್ನೇ ತಪ್ಪು ಎಂದಂತೆ.

ಮತ್ತೆ, ತಪ್ಪು ಅಂದರೆ ಯಾವುದು? ಸ್ಪ್ಯಾನಿಷ್‌ನಲ್ಲಿ ‘ಹ’ ಎಂಬ ಅಕ್ಷರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹಿಟ್ಟಿಗೆ ‘ಹರೀನಾ’ ಎಂದು ಬರೆದು ‘ಅರೀನಾ’ ಎನ್ನುತ್ತಾರೆ. ಇದರ ಮೂಲ ಲ್ಯಾಟಿನ್ನಿನ ‘ಫರೀನಾ’. ಮೊದಲು ಫಕಾರ ಸವೆದು ಹಕಾರವಾಯಿತು, ಆಮೇಲೆ ಹಕಾರವೂ ಸವೆದು ಬರೀ ಸ್ವರ ಉಳಿಯಿತು. ಮಗ ಎಂಬ ಪದವೂ ಹಾಗೆಯೇ, ಮಾಡು ಎಂಬ ಪದವೂ ಹಾಗೆಯೇ. ಈಗ ನಮ್ಮದನ್ನು ನೋಡಿ. ಹಳಗನ್ನಡದಲ್ಲಿ ‘ಪಾಲು’. ನಡುಗನ್ನಡದ ಹೊತ್ತಿಗೆ ಪಕಾರ ಸವೆದು ‘ಹಾಲು’. ನಮ್ಮ ಮಂಡ್ಯದಲ್ಲಿ ಹಕಾರವೂ ಸವೆದು ‘ಆಲು’. ಒಂದೇ ದಾರಿ, ಒಂದೇ ನಡಿಗೆ. ಅಲ್ಲಿ ಪೂರ್ತಿ ದಾರಿ ನಡೆದ ಮಾತು 1713ರಲ್ಲಿ ಹುಟ್ಟಿದ ರಾಜ ಅಕಾಡೆಮಿಯ ಶಿಷ್ಟ ಭಾಷೆಯಾಯಿತು. ಇಲ್ಲಿ ಪೂರ್ತಿ ದಾರಿ ನಡೆದ ನಮ್ಮವ್ವ ಹಕಾರ ನುಂಗುವ ಹಳ್ಳಿ ಗಮಾರಳಾದಳು. ಹಾಗಾದರೆ ಸರಿ ತಪ್ಪು ಇರುವುದು ನಾಲಿಗೆಯಲ್ಲಲ್ಲ, ಆ ನಾಲಿಗೆಯವರಿಗೆ ಕುರ್ಚಿ ಇತ್ತೋ ಇಲ್ಲವೋ ಎಂಬುದರಲ್ಲಿ. ನನ್ನ ಮಗಳು ಐದು ವರ್ಷ ಹಕಾರ ನುಂಗುವ ಭಾಷೆಯನ್ನು ಕಷ್ಟಪಟ್ಟು ಕಲಿತು ಅಂಕ ಪಡೆದಳು. ಅದೇ ಮಗಳು, ಎಂಟು ವರ್ಷದವಳಿದ್ದಾಗ, ಬೇಸಿಗೆ ರಜೆಯಲ್ಲಿ ಊರಿನ ಜಗಲಿಯ ಮೇಲೆ ಕೂತು ಅಜ್ಜಿಗೆ ಹೇಳಿದ್ದಳು: ‘ಅಜ್ಜಿ, ಆಲು ಅಲ್ಲ, ಹಾಲು. ರಾಂಗ್ ಕನ್ನಡ.’

ಅದನ್ನು ಅವಳಿಗೆ ಕಲಿಸಿದ್ದು ಯಾವ ಅಮೆರಿಕನ್ ಟೀಚರೂ ಅಲ್ಲ. ಭಾನುವಾರದ ಕನ್ನಡ ಪಾಠಕ್ಕೆ ಮೊದಲು ಅವಳನ್ನು ಎದುರಿಗೆ ಕೂರಿಸಿಕೊಂಡು ‘ಹಾಲು, ಹಳ್ಳಿ, ಹೂವು’ ಹೇಳಿಸಿದ್ದು ನಾನು. ಅವತ್ತಿನಿಂದ ಅವ್ವ ಫೋನಿನಲ್ಲಿ ಮೊಮ್ಮಗಳ ಜೊತೆ ಹೆಚ್ಚು ಮಾತಾಡುವುದಿಲ್ಲ. ‘ಚೆಂದಾಗಿದ್ದೀಯಾ ಮಗಾ? ಅಮ್ಮುಂಗೆ ಕೊಡು’ ಅಷ್ಟೇ. ಆ ಹಾಳೆಯ ಎರಡನೆಯ ಪುಟದ ಸಾಲನ್ನು ಬರೆದವರಲ್ಲಿ ನಾನೂ ಒಬ್ಬಳು. ಅದಕ್ಕೇ ಅದು ನನ್ನ ಕಣ್ಣಿಗೆ ಬಿತ್ತು.

ಬೇರೆ ದಾರಿ ಇಲ್ಲವೇ? ಇದೆ, ಅದೂ ಅವರದೇ ಪುಸ್ತಕಗಳಲ್ಲಿ. ಅಮೆರಿಕದ ಭಾಷಾ ಕಲಿಕೆಯ ರಾಷ್ಟ್ರೀಯ ಮಾನದಂಡಗಳಲ್ಲಿ ಐದು ಗುರಿಗಳಿವೆ: ಸಂವಹನ, ಸಂಸ್ಕೃತಿ, ಇತರ ಜ್ಞಾನದ ಜೊತೆ ಸಂಬಂಧ, ಹೋಲಿಕೆ, ಕೊನೆಯದು ಸಮುದಾಯ. ಕಲಿತ ಭಾಷೆಯನ್ನು ಶಾಲೆಯ ಗೋಡೆಯಾಚೆ, ಅದನ್ನಾಡುವ ಜನರ ನಡುವೆ ಬಳಸಬೇಕು ಎಂಬುದು ಈ ಐದನೆಯದರ ಅರ್ಥ. ನಮ್ಮ ಶಾಲೆಯ ಹಾಳೆಯಲ್ಲಿ ಮೊದಲ ನಾಲ್ಕು ದಪ್ಪ ಅಕ್ಷರದಲ್ಲಿವೆ. ಐದನೆಯದು ಇಲ್ಲ. ಅದಕ್ಕೆ ಅಂಕ ಕೊಡುವುದು ಕಷ್ಟ, ಅದಕ್ಕೇ ಇಲ್ಲ.

ಇನ್ನೂ ಒಂದಿದೆ. ಎ.ಪಿ.ಯಲ್ಲಿ ಸ್ಪ್ಯಾನಿಷ್ ಸಾಹಿತ್ಯಕ್ಕೆ ಬೇರೆಯೇ ಕೋರ್ಸಿದೆ, 38 ಕಡ್ಡಾಯ ಪಠ್ಯಗಳು. ಸೆರ್ವಾಂಟೆಸ್, ಸೊರ್ ಹುವಾನಾ, ಲೋರ್ಕಾ, ಬೋರ್ಹೆಸ್, ಮಾರ್ಕೆಸ್ ಸಾಲಿನಲ್ಲೇ ತೊಮಾಸ್ ರಿವೇರಾ ಎಂಬ ಹೆಸರಿದೆ. ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯಲ್ಲಿ 1935ರಲ್ಲಿ ಹುಟ್ಟಿದವರು, ಹಂಗಾಮಿಗೆ ತಕ್ಕಂತೆ ಊರೂರು ತಿರುಗಿ ಹೊಲದ ಕೂಲಿ ಮಾಡುತ್ತಿದ್ದ ಕುಟುಂಬದ ಮಗ. ಆ ಕೂಲಿಯವರ ಬದುಕನ್ನು ಅವರ ಮಾತಿನ ಲಯದಲ್ಲೇ ಬರೆದು 1971ರಲ್ಲಿ ಪ್ರಕಟಿಸಿದ ಪುಸ್ತಕದ ಭಾಗಗಳು ಇಂದು ಪಠ್ಯ. ನಮ್ಮಲ್ಲೂ ಹೀಗಾಗಿದೆ. ದೇವನೂರ ಮಹಾದೇವ ನಂಜನಗೂಡು ಸೀಮೆಯ ಮಾತಿನಲ್ಲಿ ‘ಕುಸುಮಬಾಲೆ’ ಬರೆದಾಗ ಇದನ್ನು ಯಾರಾದರೂ ಕನ್ನಡಕ್ಕೆ ಅನುವಾದಿಸಿ ಎಂದು ಚೇಷ್ಟೆ ಮಾಡಿದವರಿದ್ದರು. ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದಲ್ಲಿದ್ದರೆ ಸಾಹಿತ್ಯ, ಹುಡುಗನ ಬಾಯಲ್ಲಿದ್ದರೆ ತಪ್ಪು ಅಭ್ಯಾಸ. ಈ ಎರಡು ನಾಲಿಗೆಯ ಆಟವನ್ನು ಇನ್ನೆಷ್ಟು ದಿನ ಆಡುವುದು?

ನಾನು ಪ್ರಿನ್ಸಿಪಾಲರಿಗೆ ಬೇರೆ ಪತ್ರ ಬರೆದೆ. ಒಂದೇ ಪುಟ, ಮೂರು ಕೋರಿಕೆ. ಮೊದಲನೆಯದು: ಹಾಳೆಯಲ್ಲಿರುವ ಯಾವ ನಿರೀಕ್ಷೆಯನ್ನೂ ಕಡಿಮೆ ಮಾಡಬೇಡಿ, ಒಂದು ಸೇರಿಸಿ. ತಿಂಗಳಿಗೊಮ್ಮೆ ಪ್ರತಿ ವಿದ್ಯಾರ್ಥಿ ಈ ಊರಿನಲ್ಲೇ ಸ್ಪ್ಯಾನಿಷ್ ಆಡುವ ಒಬ್ಬ ಹಿರಿಯರ ಜೊತೆ ಅರ್ಧ ಗಂಟೆ ಮಾತಾಡಲಿ, ಅವರು ಹೇಳಿದ್ದನ್ನು ಅವರು ಹೇಳಿದಂತೆಯೇ ಬರೆದುಕೊಂಡು ಬರಲಿ. ಎರಡನೆಯದು: ಆ ‘ತಪ್ಪು ಅಭ್ಯಾಸ’ದ ಸಾಲನ್ನು ತೆಗೆಯಿರಿ. ಮನೆಯ ಪದ ಬಂದಲ್ಲಿ ಕೆಂಪು ಗೆರೆ ಬೇಡ, ಅದನ್ನು ಯಾವ ನಾಡಿನಲ್ಲಿ, ಯಾರ ಜೊತೆ ಬಳಸುತ್ತಾರೆ ಎಂದು ಬದಿಯಲ್ಲಿ ಬರೆಯಿರಿ, ಕಾಗದಕ್ಕೆ ಬೇಕಾದ ಪದವನ್ನೂ ಪಕ್ಕದಲ್ಲಿ ಕೊಡಿ. ಮೂರನೆಯದು: ‘ವೋಸ್’ಗೆ ಒಂದು ವಾರ ಕೊಡಿ. ಆ ಪಾಠವನ್ನು ಗೊತ್ತಿರುವ ಮಕ್ಕಳೇ ಮುಂದೆ ನಿಂತು ಉಳಿದವರಿಗೆ ಕಲಿಸಲಿ.

ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಮಗನಿಗಾಗಿ ಇನ್ನೊಂದು ಹಾಳೆ ಅಂಟಿಸಿದ್ದೇನೆ. ಕನ್ನಡದ ನಿರೀಕ್ಷೆಗಳು ಮತ್ತು ಗುರಿಗಳು. ಕನ್ನಡದ ಬಗ್ಗೆ ನಮ್ಮ ನಿರೀಕ್ಷೆ ಎಷ್ಟು ಕೆಳಗಿದೆ ಎಂದು ನಾಚಿಕೆಯಾಗಿ ಬರೆದದ್ದು. ರಾಜ್ಯೋತ್ಸವದ ದಿನ ವೇದಿಕೆ ಹತ್ತಿ ಅರ್ಥ ಗೊತ್ತಿಲ್ಲದ ಹಾಡು ಹೇಳಿದರೆ ನಮಗೆ ಕಣ್ತುಂಬಿ ಬರುತ್ತದೆ. ಪರಭಾಷೆಯಲ್ಲಿ 55 ನಿಮಿಷ ವಾದ ಮಾಡಬಲ್ಲ ಮಗುವಿನಿಂದ ಅವ್ವನ ಭಾಷೆಯಲ್ಲಿ ಅಷ್ಟೇ ಸಾಕೇ? ಹಾಳೆಯಲ್ಲಿ ನಾಲ್ಕೇ ಸಾಲು. ವಾರಕ್ಕೊಮ್ಮೆ ಅಜ್ಜಿಗೆ ಫೋನು, ಕನಿಷ್ಠ ಹದಿನೈದು ನಿಮಿಷ. ಇಂಗ್ಲಿಷ್ ಇಲ್ಲ. ಪ್ರತಿ ಸಲ ಅವರಿಗೆ ಗೊತ್ತಿರುವ, ನಿನಗೆ ಗೊತ್ತಿಲ್ಲದ ಒಂದು ವಿಷಯ ಕೇಳಿ ತಿಳಿದುಕೊಳ್ಳಬೇಕು. ಕೊನೆಯ ಸಾಲು: ಅಜ್ಜಿಯನ್ನು ತಿದ್ದುವಂತಿಲ್ಲ.

ಮೊದಲ ಫೋನಿನಲ್ಲಿ ಮಗ ಎಮ್ಮೆ ಕರೆಯುವುದು ಹೇಗೆ ಎಂದು ಕೇಳಿದ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಇಪ್ಪತ್ತೆರಡು ನಿಮಿಷ ಮಾತಾಡಿದಳು. ಮಗನಿಗೆ ಅರ್ಧ ಅರ್ಥವಾಗಲಿಲ್ಲ, ಮತ್ತೆ ಮತ್ತೆ ಕೇಳಿದ. ಅವಳು ಮತ್ತೆ ಮತ್ತೆ ಹೇಳಿದಳು.

ವಾಟ್ಸಾಪಿನ ಪತ್ರಕ್ಕೆ ಈಗ ಮೂವತ್ತೊಂದು ಸಹಿಯಾಗಿದೆಯಂತೆ. ನನ್ನ ಪತ್ರಕ್ಕೆ ಬಿದ್ದಿರುವುದು ಮೂರು. ಒಂದು ನನ್ನದು, ಒಂದು ನನ್ನ ಮಗಳು ಕಾಲೇಜಿನಿಂದ ಕಳಿಸಿದ್ದು, ಇನ್ನೊಂದು ಆ ಹುಡುಗನ ಅವ್ವನದು. ಅವರ ಮನೆಗೆ ಪತ್ರ ಹಿಡಿದು ಹೋದಾಗ ಅದರಲ್ಲಿ ಏನಿದೆ ಎಂದು ಅವರಿಗೆ ಓದಿ ಹೇಳಿದವನು ಆ ಹುಡುಗನೇ, ಸ್ಪ್ಯಾನಿಷ್ ಸರಿಯಾಗಿ ಬರಲ್ಲ ಎಂದವನು. ಒಂದು ಕಡೆಯೂ ತಡವರಿಸಲಿಲ್ಲ.